ಮಗು ಕೇಳಿದರೆ ಹೇಳಿ: ಕಾಸರಗೋಡು ಎಂಬ ಜಿಲ್ಲೆಯ ಕಥೆ

ನಿಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿ ‘ದಿ ಸೀಕ್ರೆಟ್ ಗಾರ್ಡನ್’ ಇರಬಹುದು. ಇಲ್ಲದಿದ್ದರೆ ಮಗುವಿನ ಶಾಲೆಯ ಲೈಬ್ರರಿಯಲ್ಲಂತೂ ಇದ್ದೇ ಇರುತ್ತದೆ. 1911ರಲ್ಲಿ ಬಂದ ಆ ಪುಸ್ತಕದ ನಾಯಕಿ ಮೇರಿ ಭಾರತದಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಅಮ್ಮ ಕಾಲರಾಕ್ಕೆ ಬಲಿಯಾದ ಮೇಲೆ ಅವಳನ್ನು ಇಂಗ್ಲೆಂಡಿನ ಯಾರ್ಕ್‌ಷೈರ್ ಎಂಬ ಹಳ್ಳಿಗಾಡಿನ ಕೌಂಟಿಗೆ ಕಳಿಸುತ್ತಾರೆ. ಅಲ್ಲಿನ ಮನೆಗೆಲಸದ ಹುಡುಗಿ ಆಡುವ ಇಂಗ್ಲಿಷ್ ಮೇರಿಗೆ ಮೊದಮೊದಲು ಅರ್ಥವಾಗುವುದಿಲ್ಲ. ಪುಸ್ತಕ ಮುಂದುವರಿದಂತೆ ಅವಳು ಆ ಮಾತನ್ನೇ ಬೇಕೆಂದು ಕಲಿತು ಆಡತೊಡಗುತ್ತಾಳೆ. ಅಷ್ಟು ಹೊತ್ತಿಗೆ ಊರು ಅವಳದಾಗಿರುತ್ತದೆ.

ದುಬೈ, ಅಬುಧಾಬಿಯಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳಿಗೆ ಯಾರ್ಕ್‌ಷೈರಿನ ಬಯಲು ಗೊತ್ತು, ಅಲ್ಲಿನ ಗಾಳಿಯ ಸದ್ದೂ ಗೊತ್ತು. ಅಪ್ಪನ ಜಿಲ್ಲೆಯ ನದಿಯ ಹೆಸರು ಕೇಳಿ ನೋಡಿ. ‘ನೇಟಿವ್ ಪ್ಲೇಸ್’ ಎಂಬ ಎರಡು ಪದದಾಚೆ ಹೆಚ್ಚೇನೂ ಬರಲಿಕ್ಕಿಲ್ಲ. ತಪ್ಪು ಮಕ್ಕಳದಲ್ಲ. ಯಾರ್ಕ್‌ಷೈರಿನ ಕಥೆಯನ್ನು ಅವರಿಗೆ ಒಬ್ಬರು ಕೂತು ಹೇಳಿದ್ದಾರೆ, ನಮ್ಮ ಜಿಲ್ಲೆಯ ಕಥೆಯನ್ನು ಯಾರೂ ಹೇಳಿಲ್ಲ.

ಈ ತಿಂಗಳು ಒಂದು ಜಿಲ್ಲೆಯ ಕಥೆ ಹೇಳುತ್ತೇನೆ. ಕಾಸರಗೋಡಿನದು. ನಿಮ್ಮಲ್ಲಿ ಹಲವರು ಆ ಕಡೆಯವರು. ಅಲ್ಲದವರೂ ಓದಿ. ಎರಡು ಮೂರು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುವುದು ಹೇಗೆ ಎಂಬ ಪ್ರಶ್ನೆ ನಮಗೆ ಹೊಸದು, ಕಾಸರಗೋಡಿಗೆ ಅಲ್ಲ.

ತಲಪಾಡಿಯಲ್ಲಿ ಬರುವ ಪ್ರಶ್ನೆ

ಬೇಸಿಗೆ ರಜೆಗೆ ಹೋದಾಗ ವಿಮಾನ ಬಜಪೆಯಲ್ಲಿ ಇಳಿಯುತ್ತದೆ. ಕಾರು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು ಕಳೆದು ತಲಪಾಡಿಗೆ ಬರುತ್ತದೆ. ಅಲ್ಲಿಂದಾಚೆ ಬೋರ್ಡುಗಳ ಲಿಪಿ ಬದಲಾಗುತ್ತದೆ. ಹಿಂದಿನ ಸೀಟಿನಿಂದ ಪ್ರಶ್ನೆ ಬರುತ್ತದೆ: “ನಾವು ಕರ್ನಾಟಕದವರಾ, ಕೇರಳದವರಾ?”

“ಅದೆಲ್ಲ ದೊಡ್ಡವನಾದ ಮೇಲೆ ಗೊತ್ತಾಗುತ್ತದೆ” ಎಂದು ತಳ್ಳಿಹಾಕಬೇಡಿ. ಎಂಟು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಬಹುದಾದ ಉತ್ತರ ಇದೆ.

ಬೇಕಲದ ಕೋಟೆಯಿಂದ ಶುರುಮಾಡಿ. ಸುಮಾರು 40 ಎಕರೆಯಷ್ಟು ಹರಡಿಕೊಂಡು ಸಮುದ್ರಕ್ಕೆ ಮುಖಮಾಡಿ ನಿಂತ ಈ ಕೋಟೆಯನ್ನು ಕಟ್ಟಿಸಿದವನು 17ನೇ ಶತಮಾನದ ಕೆಳದಿಯ ಶಿವಪ್ಪ ನಾಯಕ. ಕೆಳದಿ ಇರುವುದು ಈಗಿನ ಶಿವಮೊಗ್ಗ ಜಿಲ್ಲೆಯಲ್ಲಿ. ಮಲೆನಾಡಿನ ಅರಸರು ಘಟ್ಟ ಇಳಿದು ಬಂದು ಕರಾವಳಿಯಲ್ಲಿ ಸಾಲು ಕೋಟೆ ಕಟ್ಟಿದರು. ಚಂದ್ರಗಿರಿ ಕೋಟೆ ಅವರದು, ಇನ್ನೂ ದಕ್ಷಿಣಕ್ಕಿರುವ ಹೊಸದುರ್ಗವೂ ಅವರದು. ಹೊಸದುರ್ಗ ಎಂದರೆ ಹೊಸ ಕೋಟೆ. ಊರು ಇವತ್ತು ಮಲಯಾಳ ಮಾತಾಡುತ್ತದೆ, ತಾಲೂಕಿನ ಹೆಸರು ಮಾತ್ರ ಈಗಲೂ ಹೊಸದುರ್ಗವೇ. ಸರಹದ್ದುಗಳು ಎಷ್ಟು ಸಲ ಅಳಿಸಿ ಬರೆದರೂ ಹೆಸರುಗಳು ಹೀಗೆ ಉಳಿದುಬಿಡುತ್ತವೆ.

1763ರಲ್ಲಿ ಹೈದರಾಲಿ ಕೆಳದಿಯನ್ನು ಗೆದ್ದ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಈ ಸೀಮೆ ಬ್ರಿಟಿಷರ ಕೈಸೇರಿತು. ಮುಂದೆ ಕಾಸರಗೋಡು ಮದ್ರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಅಂದರೆ ಮಂಗಳೂರು, ಪುತ್ತೂರು, ಕಾಸರಗೋಡು ಎಲ್ಲವೂ ಒಂದೇ ಜಿಲ್ಲೆ. 1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ರಾಜ್ಯಗಳು ಮರುವಿಂಗಡಣೆಯಾದವು. ಕನ್ನಡಿಗರಿಗೆಲ್ಲ ಅದು ಹಬ್ಬದ ದಿನ. ಕಾಸರಗೋಡಿನ ಕನ್ನಡಿಗರಿಗೆ ಅದು ತಮ್ಮ ತಾಲೂಕು ಕೇರಳಕ್ಕೆ ಸೇರಿದ ದಿನ. ಒಂದೇ ಮನೆತನದ ಅಣ್ಣ ಒಂದು ರಾಜ್ಯದಲ್ಲಿ, ತಂಗಿ ಇನ್ನೊಂದು ರಾಜ್ಯದಲ್ಲಿ ಉಳಿದರು.

ಗಡಿ ವಿವಾದ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಅದರಲ್ಲಿತ್ತು. ಅದು ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಹಾಗಾಗಿ ಮಗುವಿಗೆ ಹೀಗೆ ಹೇಳಿ: “ನಮ್ಮ ಮನೆ ಇರುವುದು ಕೇರಳದಲ್ಲಿ. ನಾವು ಕನ್ನಡದವರು. ಎರಡೂ ನಿಜ.” ಅಬುಧಾಬಿಯಲ್ಲಿ ಹುಟ್ಟಿ ಭಾರತದ ಪಾಸ್‌ಪೋರ್ಟ್ ಹಿಡಿದು ತಿರುಗುವ ಮಗುವಿಗೆ ಈ ಮಾತು ನಾವು ಅಂದುಕೊಂಡದ್ದಕ್ಕಿಂತ ಬೇಗ ಅರ್ಥವಾಗುತ್ತದೆ.

ಕಲಿತು ತಮ್ಮದಾಗಿಸಿಕೊಂಡ ಕನ್ನಡ

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಮಲಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು. ಇವನ್ನು ಏಳು ಬೇರೆ ಬೇರೆ ಕೇರಿಗಳೆಂದು ಊಹಿಸಿಕೊಳ್ಳಬೇಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಒಬ್ಬನೇ ಮನುಷ್ಯ ದಿನಕ್ಕೆ ಹತ್ತು ಸಲ ಭಾಷೆ ಬದಲಿಸುತ್ತಾನೆ. ಹಾಗೆ ಬದಲಿಸಿದ್ದು ಅವನಿಗೇ ಗೊತ್ತಾಗುವುದಿಲ್ಲ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಹವ್ಯಕರಂತೆ ಕನ್ನಡವನ್ನೇ ಮನೆಮಾತಾಗಿ ಆಡುವವರು ಇದ್ದಾರೆ. ಆದರೆ ಕನ್ನಡಿಗರೆಂದು ಹೇಳಿಕೊಳ್ಳುವ ಬಹಳ ಜನರಿಗೆ ಕನ್ನಡ ತೊಟ್ಟಿಲಿನ ಭಾಷೆಯಲ್ಲ. ಅದು ಅಕ್ಷರದ ಭಾಷೆ, ಪತ್ರಿಕೆಯ ಭಾಷೆ, ಆಟದ ಭಾಷೆ.

ಮಂಜೇಶ್ವರದ ಗೋವಿಂದ ಪೈಗಳನ್ನೇ ನೋಡಿ. ಹುಟ್ಟಿದ್ದು 1883ರಲ್ಲಿ. ಮನೆಮಾತು ಕೊಂಕಣಿ. ಓದಿಕೊಂಡ ಭಾಷೆಗಳು ಹತ್ತಾರು. ಬರೆದದ್ದು ಕನ್ನಡದಲ್ಲಿ. 1949ರಲ್ಲಿ ಮದ್ರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ಕನ್ನಡದ ಮೊದಲ ರಾಷ್ಟ್ರಕವಿ ಅವರು. ಮಂಜೇಶ್ವರದಲ್ಲಿ ಅವರ ಮನೆ ಈಗ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕವಾಗಿದೆ. ತಲಪಾಡಿ ದಾಟಿದ ಮೇಲೆ ಸ್ವಲ್ಪ ದೂರ ಅಷ್ಟೆ.

ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. 1915ರಲ್ಲಿ ಹುಟ್ಟಿ ನೂರು ವರ್ಷ ತುಂಬಿ ಬಾಳಿದವರು, ಮೇಷ್ಟರು, ಕೃಷಿಕರು, ಕವಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ದನಿ ಎತ್ತಿದವರು. ತುಳುವಿನಲ್ಲೂ ಬರೆದರು, ಕನ್ನಡದಲ್ಲೂ ಬರೆದರು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ.

“ನಮ್ಮ ಮನೆಯಲ್ಲಿ ಬ್ಯಾರಿ, ಕನ್ನಡ ಯಾಕೆ ಬೇಕು?”, “ಮಗುವಿಗೆ ತುಳು ಬಂದರೆ ಸಾಲದೇ?”, “ಕೊಂಕಣಿ, ಕನ್ನಡ, ಇಂಗ್ಲಿಷ್, ಹಿಂದಿ, ಶಾಲೆಯ ಅರಬಿ, ಎಷ್ಟನ್ನು ತುಂಬುವುದು?” ಎಂದು ಕೇಳುವ ತಂದೆತಾಯಿಯರಿಗೆ ಈ ಇಬ್ಬರು ಹಿರಿಯರ ಬದುಕೇ ಉತ್ತರ. ಮನೆಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅದರ ಪಕ್ಕದಲ್ಲಿ ಕನ್ನಡಕ್ಕೆ ಒಂದು ಕೆಲಸ ಕೊಡಿ. ಕೆಲಸವಿಲ್ಲದ ಭಾಷೆ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ.

ಕಾಸರಗೋಡಿನಲ್ಲಿ ಕನ್ನಡಕ್ಕೆ ಆ ಕೆಲಸ ಕೊಟ್ಟದ್ದರಲ್ಲಿ ಯಕ್ಷಗಾನದ ಪಾಲು ದೊಡ್ಡದು. ತೆಂಕುತಿಟ್ಟಿನ ಪಿತಾಮಹ ಎಂದು ಗೌರವಿಸುವ ಪಾರ್ತಿಸುಬ್ಬ ಕುಂಬಳೆಯವನು. ಅನಿಲ್ ಕುಂಬ್ಳೆ ಹೆಸರಿನಲ್ಲಿರುವುದೂ ಇದೇ ಊರು ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ತುಳು, ಮಲಯಾಳ, ಮರಾಠಿ ಮನೆಗಳಿಂದ ಬಂದವರು ರಾತ್ರಿಯಿಡೀ ಕೂತು ಕನ್ನಡದ ರಾವಣನನ್ನು, ಕನ್ನಡದ ಕೃಷ್ಣನನ್ನು ಕೇಳಿದರು. ವ್ಯಾಕರಣದ ಪುಸ್ತಕ ಹಿಡಿಯದೆಯೇ ಒಳ್ಳೆಯ ಕನ್ನಡ ಕಿವಿಗೆ ಬಿತ್ತು.

ಎರಡು ಸುರಂಗ, ಒಂದೇ ಉಪಾಯ

ಕಾಸರಗೋಡಿನ ಒಳನಾಡು ಗುಡ್ಡಗಳ ಊರು. ಮುರಕಲ್ಲಿನ ಗುಡ್ಡ, ಕೆಳಗೆ ಅಡಿಕೆ ತೋಟ. ಮಳೆ ಧಾರಾಳ. ಆದರೆ ನೀರು ಇಳಿಜಾರಿನಲ್ಲಿ ಹರಿದು ಸಮುದ್ರ ಸೇರಿಬಿಡುತ್ತದೆ, ಬೇಸಿಗೆಯಲ್ಲಿ ತೋಟ ಒಣಗುತ್ತದೆ. ಅದಕ್ಕೆ ಅಲ್ಲಿನವರು ಕಂಡುಕೊಂಡ ದಾರಿ ಸುರಂಗ. ಬಾವಿಯಂತೆ ಕೆಳಕ್ಕೆ ತೋಡದೆ, ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಡ್ಡವಾಗಿ ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆಯುತ್ತಾರೆ. ಒಳಗೆ ಉಸಿರಾಡಲು ಗಾಳಿ ಸಾಕೋ ಎಂದು ತಿಳಿಯಲು ದೀಪ ಹಚ್ಚಿಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಹೊರಗೆ ಬರಬೇಕು. ನೀರಿನ ಸೆಲೆ ಸಿಕ್ಕಿದರೆ ಅದು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಪಡ್ರೆ ಕಡೆ ಇಂಥ ಸುರಂಗಗಳು ಬಹಳ.

ಇದನ್ನು ಮಗುವಿಗೆ ದುಬೈಯಲ್ಲಿ ಕೂತು ವಿವರಿಸುವುದು ಹೇಗೆ? ಅಲ್ ಐನ್‌ಗೆ ಕರೆದುಕೊಂಡು ಹೋಗಿ. ಅಲ್ಲಿನ ಖರ್ಜೂರದ ತೋಟದೊಳಗೆ ಕಾಲುವೆಗಳಲ್ಲಿ ನೀರು ಹರಿಯುವುದನ್ನು ತೋರಿಸಿ. ಅದು ಫಲಜ್. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ, ಸಣ್ಣ ಇಳಿಜಾರಿನ ಬಲದಿಂದಲೇ ತೋಟಕ್ಕೆ ತರುವ ವ್ಯವಸ್ಥೆ. ಅಲ್ ಐನ್‌ನ ಹಿಲಿಯಲ್ಲಿ ಸುಮಾರು 3,000 ವರ್ಷ ಹಳೆಯ ಫಲಜ್‌ನ ಅವಶೇಷ ಸಿಕ್ಕಿದೆ. 2011ರಲ್ಲಿ ಯುನೆಸ್ಕೋ ಅಲ್ ಐನ್‌ನ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಫಲಜ್‌ಗಳೂ ಅದರಲ್ಲಿದ್ದವು.

ಮಳೆಯೇ ಇಲ್ಲದ ಊರು, ಮಳೆ ಸುರಿದು ಹರಿದುಹೋಗುವ ಊರು. ನೀರು ತರಲು ಎರಡೂ ಕಡೆಯವರು ಹಿಡಿದ ದಾರಿ ಹೆಚ್ಚು ಕಡಿಮೆ ಒಂದೇ. ತಾನು ಬೆಳೆಯುವ ನಾಡಿಗೂ ಅಜ್ಜನ ಊರಿಗೂ ಇಂಥದೊಂದು ಹೋಲಿಕೆ ಇದೆ ಎಂದು ಕಂಡ ಮಗುವಿಗೆ ಅಜ್ಜನ ಊರು ಆಮೇಲೆ ಅಷ್ಟು ದೂರ ಅನ್ನಿಸುವುದಿಲ್ಲ.

ನದಿಯಾಚೆಯವರ ನೋವು

ಒಂದು ಜಿಲ್ಲೆಯ ಕಥೆ ಎಂದರೆ ಕೋಟೆ, ಕವಿ, ಕಾಲುವೆ ಮಾತ್ರ ಅಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ, ಹನ್ನೆರಡು ಹದಿಮೂರು ದಾಟಿದವರಿಗೆ, ಅದರ ಗಾಯಗಳನ್ನೂ ಹೇಳಬೇಕು. ಎರಡು ಸಂಗತಿ ಆರಿಸಿಕೊಂಡಿದ್ದೇನೆ.

ಮೊದಲನೆಯದು ಕಯ್ಯೂರು. ಜಿಲ್ಲೆಯ ದಕ್ಷಿಣದ, ಮಲಯಾಳ ಮಾತಾಡುವ ಹಳ್ಳಿ. 1941ರಲ್ಲಿ ಜಮೀನ್ದಾರಿಕೆಯ ಮತ್ತು ಬ್ರಿಟಿಷರ ವಿರುದ್ಧ ಅಲ್ಲಿ ರೈತರ ಹೋರಾಟ ನಡೆದು ಒಬ್ಬ ಪೊಲೀಸ್ ಪೇದೆಯ ಸಾವಾಯಿತು. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಗಲ್ಲಿಗೇರಿಸಿದರು. ಅವರ ಕಥೆಯನ್ನು ಕಾದಂಬರಿಯಾಗಿ ಬರೆದವರು ಕನ್ನಡದ ನಿರಂಜನ. 1955ರಲ್ಲಿ ಬಂದ ಆ ಪುಸ್ತಕ ‘ಚಿರಸ್ಮರಣೆ’. ಅದು ಮಲಯಾಳಕ್ಕೆ ಅನುವಾದವಾಗಿ ಅಲ್ಲಿನವರ ಪುಸ್ತಕವೇ ಆಯಿತು.

ಎರಡನೆಯದು ಎಣ್ಮಕಜೆ. ಜಿಲ್ಲೆಯ ಉತ್ತರದ, ಕನ್ನಡ ತುಳು ಮಾತಾಡುವ ಪಂಚಾಯತು. 1970ರ ದಶಕದ ಕೊನೆಯಿಂದ 2000ದವರೆಗೆ ಈ ಭಾಗದ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ನೀರನ್ನೇ ನಂಬಿದ ಊರು ಅದು. ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಿದ್ದಾರೆ, ಮನೆಮನೆಗೂ ಕಾಯಿಲೆ ಬರುತ್ತಿದೆ ಎಂದು ಊರಿನ ಡಾಕ್ಟರು, ಅಲ್ಲಿನವರೇ ಆದ ಪತ್ರಕರ್ತ ಶ್ರೀ ಪಡ್ರೆ ಕೂಗಿ ಹೇಳಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲೇ ನಿಷೇಧಿಸಿತು. ಈ ದುರಂತವನ್ನು ಕಾದಂಬರಿ ಮಾಡಿದವರು ಮಲಯಾಳದ ಅಂಬಿಕಾಸುತನ್ ಮಾಂಗಾಡ್. ಪುಸ್ತಕದ ಹೆಸರೇ ‘ಎಣ್ಮಕಜೆ’.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಮಲಯಾಳದ ರೈತರ ಕಥೆಯನ್ನು ಕನ್ನಡದವರು ಬರೆದರು. ಕನ್ನಡದ ಹಳ್ಳಿಯ ಕಥೆಯನ್ನು ಮಲಯಾಳದವರು ಬರೆದರು. ಗಡಿಯ ಬಗ್ಗೆ ಅರ್ಧ ಶತಮಾನ ಜಗಳವಾಡಿದ ಜಿಲ್ಲೆಯಲ್ಲಿ ಇದು ನಡೆದದ್ದು. ಎರಡನೆಯ ಭಾಷೆ ಯಾಕೆ ಬೇಕು ಎಂದು ಕೇಳಿದಾಗ ನಾವು ಮಿದುಳಿನ ಬೆಳವಣಿಗೆ, ಮುಂದೆ ಕೆಲಸಕ್ಕೆ ಅನುಕೂಲ ಎಂದೆಲ್ಲ ಹೇಳುತ್ತೇವೆ. ಅದೆಲ್ಲ ಇರಲಿ. ಪಕ್ಕದ ಮನೆಯವರು ಅತ್ತಾಗ ಯಾಕೆ ಅಳುತ್ತಿದ್ದಾರೆ ಎಂದು ತಿಳಿಯುವುದಕ್ಕೆ ಅವರ ಭಾಷೆ ಬೇಕು. ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಈಗ ಅಲ್ಲಿ ಕನ್ನಡ

ಕಾಸರಗೋಡಿನಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗ ಇದೆ. ಆದರೆ ಅದು ನೆಮ್ಮದಿಯ ಸ್ಥಿತಿಯಲ್ಲ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಅಲ್ಲಿನ ಕನ್ನಡಿಗರು ಬೀದಿಗಿಳಿದರು. ಮರುವರ್ಷ ಬಂದ ರಿಷಬ್ ಶೆಟ್ಟರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು ನೀವು ಮಕ್ಕಳ ಜೊತೆ ನೋಡಿರಬಹುದು. ಮುಚ್ಚಲಿರುವ ಕನ್ನಡ ಶಾಲೆಯನ್ನು ಉಳಿಸಿಕೊಳ್ಳಲು ಮಕ್ಕಳೇ ಹೊರಡುವ ಕಥೆ. ನೋಡಿಲ್ಲದಿದ್ದರೆ ಮುಂದಿನ ಶನಿವಾರ ನೋಡಿ. ನಗುವುದಕ್ಕೂ ಬೇಕಾದಷ್ಟಿದೆ.

ಸರ್ಕಾರಕ್ಕೆ ಮನವಿ ಕೊಡುವವರು ಕೊಡುತ್ತಾರೆ. ನಮ್ಮ ಕೈಯಲ್ಲಿರುವುದು ಇಷ್ಟು: ಕುಂಬಳೆಯ ಅಂಗಡಿಯಲ್ಲಿ, ಬದಿಯಡ್ಕದ ಬಸ್ಸಿನಲ್ಲಿ, ಅಜ್ಜಿಯ ಅಡುಗೆಮನೆಯಲ್ಲಿ ನಮ್ಮ ಮಗು ಕನ್ನಡದಲ್ಲಿ ಒಂದು ಮಾತು ಕೇಳುವಂತೆ ಮಾಡುವುದು. ದುಬೈಯಿಂದ ಬಂದ ಮಗುವೇ ಕನ್ನಡ ಆಡಿದರೆ ಊರಿನ ಮಗುವಿಗೂ ಅದು ಕೀಳು ಅನ್ನಿಸುವುದಿಲ್ಲ. ದುಬೈಯಿಂದ ಬಂದ ಮಗು ಇಂಗ್ಲಿಷಿನಲ್ಲೇ ಉತ್ತರಿಸಿದರೆ ಊರಿನ ಮಗು ಅದನ್ನೂ ಗಮನಿಸುತ್ತದೆ.

ಈ ರಜೆಯಲ್ಲಿ ಮಾಡಬಹುದಾದದ್ದು

ನಮ್ಮ ಮಕ್ಕಳ ರಜೆ ಜುಲೈ ಆಗಸ್ಟಿನಲ್ಲಿ. ಊರಿನಲ್ಲಿ ಆಗ ಜಡಿಮಳೆ, ತುಳುವರ ಆಟಿ ತಿಂಗಳು. “ಮಳೆಯಲ್ಲಿ ಎಲ್ಲಿಗೂ ಹೋಗಲಾಗುವುದಿಲ್ಲ” ಎಂದು ಟ್ಯಾಬ್ ಕೊಟ್ಟು ಕೂರಿಸಬೇಡಿ. ಆ ತಿಂಗಳಿನಲ್ಲೇ ಕಾಣಸಿಗುವವು ಕೆಲವಿವೆ. ಮನೆಮನೆಗೆ ಆಟಿ ಕಳೆಂಜ ಬರುತ್ತಾನೆ. ಕೆಸುವಿನ ಎಲೆಯ ಪತ್ರೊಡೆ ಬೇಯುತ್ತದೆ. ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು ಸುಣ್ಣದ ಮದ್ದು ಬಿಡುತ್ತಾರೆ. ಮಳೆ ಬಿಟ್ಟ ಸಂದಿಯಲ್ಲಿ ಮರವೇರಿ ಮದ್ದು ಬಿಡುವವರ ಕೈಚಳಕವನ್ನು ಮಗು ಒಮ್ಮೆ ನೋಡಲಿ.

ಮೇಳಗಳ ತಿರುಗಾಟ ಮಳೆಗಾಲದಲ್ಲಿ ಇರುವುದಿಲ್ಲ. ಬದಲಿಗೆ ತಾಳಮದ್ದಳೆ ಇರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರಿಯ ಮಾತು. ಅರ್ಜುನನಾಗಿ, ಕರ್ಣನಾಗಿ ಕೂತವರು ಅಲ್ಲೇ ಹುಟ್ಟಿಸಿಕೊಂಡು ವಾದಿಸುತ್ತಾರೆ. ಪೂರ್ತಿ ಅರ್ಥವಾಗದಿದ್ದರೂ ಅರ್ಧ ಗಂಟೆ ಕೂರಿಸಿ. ಅಲ್ಲಿ ಯಾರೂ ಇಂಗ್ಲಿಷ್ ಪದವನ್ನು ಊರುಗೋಲು ಮಾಡಿಕೊಳ್ಳುವುದಿಲ್ಲ. ಕನ್ನಡದಲ್ಲಿ ಜಗಳವನ್ನೂ ಇಷ್ಟು ಚೆಂದಕ್ಕೆ ಆಡಬಹುದು ಎಂದು ಮಗುವಿಗೆ ತಿಳಿಯುತ್ತದೆ.

ಕುಂಬಳೆಯ ಹತ್ತಿರ ಅನಂತಪುರದ ಕೆರೆಯ ನಡುವೆ ದೇವಸ್ಥಾನ ಇದೆ. ಆ ಕೆರೆಯಲ್ಲಿ ಬಬಿಯಾ ಎಂಬ ಮೊಸಳೆ ಬಹಳ ವರ್ಷ ಇತ್ತು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಜಾತಿ ಮತ ನೋಡದೆ ಜನ ನೋಡಲು ಬಂದರು. ಈ ಕಥೆಯನ್ನು ಅಲ್ಲಿಯವರ ಬಾಯಿಂದಲೇ ಕೇಳಿಸಿ.

ಹೊರಡುವ ಮೊದಲು ಒಂದು ಆಟ. ನೋಟುಬುಕ್ಕಿನ ಒಂದು ಪುಟದ ಮೇಲೆ ‘ನೀರು’ ಎಂದು ಬರೆಸಿ. ತುಳುವಿನಲ್ಲಿ ನೀರ್, ಮಲಯಾಳದಲ್ಲಿ ವೆಳ್ಳಂ, ಕೊಂಕಣಿಯಲ್ಲಿ ಉದಾಕ, ಮರಾಠಿಯಲ್ಲಿ ಪಾಣಿ, ಉರ್ದುವಿನಲ್ಲಿ ಪಾನಿ, ಎಮಿರಾತಿಗಳ ಬಾಯಲ್ಲಿ ಮಾಯ್. ಬ್ಯಾರಿಯ ಪದವನ್ನು ಬ್ಯಾರಿ ಗೆಳೆಯರಿಂದ ಕೇಳಿ ಮಗುವೇ ತುಂಬಲಿ. ಆಮೇಲೆ ಮಳೆ, ಅಕ್ಕಿ, ಅಜ್ಜಿ, ಹಸಿವು. ಒಂದೊಂದು ಪದಕ್ಕೂ ಒಬ್ಬ ಮನುಷ್ಯನನ್ನು ಮಾತಾಡಿಸಬೇಕು, ಫೋನಿನಲ್ಲಿ ಹುಡುಕುವಂತಿಲ್ಲ. ಅದೇ ನಿಯಮ.

ನಿಮ್ಮ ಜಿಲ್ಲೆ ಬೀದರ್ ಆಗಿರಲಿ, ಚಾಮರಾಜನಗರ ಆಗಿರಲಿ, ಇದನ್ನೇ ಮಾಡಬಹುದು. ಒಂದು ಕೋಟೆ, ಒಂದು ನದಿ, ಒಬ್ಬ ಕವಿ, ನೀರು ತಂದ ಒಂದು ಉಪಾಯ, ಊರು ಅತ್ತ ಒಂದು ದಿನ. ಐದೇ ಸಂಗತಿ. ದಿನಕ್ಕೊಂದರಂತೆ ರಾತ್ರಿ ಮಲಗುವ ಹೊತ್ತಿಗೆ ಹೇಳಿದರೆ ಒಂದು ವಾರವೂ ಬೇಡ. ಕನ್ನಡದಲ್ಲೇ ಹೇಳಿ, ಅಥವಾ ನಿಮ್ಮ ಮನೆಮಾತಿನಲ್ಲಿ.

ನಿಮಗೇ ಗೊತ್ತಿಲ್ಲದಿದ್ದರೆ ಇವತ್ತು ಸಂಜೆ ಊರಿಗೆ ಫೋನ್ ಮಾಡಿ ಅಪ್ಪನನ್ನೋ ಅಮ್ಮನನ್ನೋ ಕೇಳಿ. ಸ್ಪೀಕರ್ ಹಾಕಿಡಿ. ಮಗು ಪಕ್ಕದಲ್ಲೇ ಇರಲಿ.